ಎರಿ ಹೊಲದ ಹರಳು, ಕಾರ್ಖಾನೆಯ ಸಿಮೆಂಟು

ಅಥಣಿ, ಕಾಗವಾಡ, ರಾಯಬಾಗದ ಎರಿ ಹೊಲ ಉಳುವಾಗ ಬೂದಿಬಣ್ಣದ ಸುಣ್ಣದ ಹರಳು ಸಿಗುವುದು ಹೊಸತೇನಲ್ಲ. ರೈತರಿಗೆ ಅದು ಕಿರಿಕಿರಿ. ಸುಣ್ಣದಂಶ ಹೆಚ್ಚಿದ ನೆಲದಲ್ಲಿ ಕಬ್ಬಿನ ಎಲೆ ಬಿಳಿಚಿಕೊಳ್ಳುತ್ತದೆ. ಆದರೆ ಮನೆ ಕಟ್ಟುವ ಗೌಂಡಿಗೆ ಒಂದು ಕಾಲದಲ್ಲಿ ಸಿಮೆಂಟು ಎಂದರೆ ಇಂಥ ಹರಳೇ.

ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಉಸುಕು ಮತ್ತು ಇಟ್ಟಿಗೆಯ ಪುಡಿಯಾದ ಸುರ್ಕಿ ಬೆರೆಸಿ, ಎತ್ತು ಎಳೆಯುವ ಕಲ್ಲಿನ ಗಾಣದಲ್ಲಿ ಅರೆದರೆ ಗಚ್ಚು ಸಿದ್ಧ. ಬೆಲ್ಲದ ನೀರು, ಅಳಲೆಕಾಯಿ ರಸ ಹಾಕುತ್ತಿದ್ದರೆಂದು ಎಲ್ಲರೂ ಹೇಳುತ್ತಾರೆ. ಹಾಕುತ್ತಿದ್ದದ್ದು ನಿಜ. ಆದರೆ ಗಚ್ಚಿನ ಗಟ್ಟಿತನದ ಗುಟ್ಟು ಬೆಲ್ಲದಲ್ಲಿರಲಿಲ್ಲ, ಜೇಡಿಮಣ್ಣಿನಲ್ಲಿತ್ತು. ಅಪ್ಪಟ ಸುಣ್ಣ ಗಾಳಿ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ನೀರಿನೊಳಗೆ ಆಗುವುದಿಲ್ಲ. ಜೇಡಿ ಬೆರೆತ ಹರಳನ್ನು ಸುಟ್ಟರೆ ಬರುವ ಸುಣ್ಣ ನೀರಿನಲ್ಲೂ ಬಿಗಿಯುತ್ತದೆ.

ಇಂಗ್ಲೆಂಡಿನ ಜಾನ್ ಸ್ಮೀಟನ್ 1756ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಲು ಹೊರಟಾಗ ಪ್ರಯೋಗ ಮಾಡಿ ಕಂಡುಕೊಂಡದ್ದೂ ಇದನ್ನೇ. ರೋಮನ್ನರು ಅದಕ್ಕೂ ಬಹಳ ಹಿಂದೆಯೇ ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಸೇರಿಸಿ ಕಟ್ಟಿದ್ದರು. ನಮ್ಮ ಸುರ್ಕಿ ಮಾಡುವ ಕೆಲಸವೂ ಅದೇ. ಕನ್ನಂಬಾಡಿ ಕಟ್ಟೆ ನಿಂತಿರುವುದೂ ಸುರ್ಕಿ ಗಾರೆಯ ಮೇಲೆ. 1824ರಲ್ಲಿ ಲೀಡ್ಸ್‌ನ ಗೌಂಡಿ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ಗೆ ಪೇಟೆಂಟ್ ಪಡೆದ. ಐಸಾಕ್ ಜಾನ್ಸನ್ 1840ರ ದಶಕದಲ್ಲಿ ಉರಿಯನ್ನು ಇನ್ನಷ್ಟು ಏರಿಸಿ, ಕರಗಿ ಗಂಟುಕಟ್ಟಿದ ಉಂಡೆಗಳನ್ನೇ ಅರೆದು ನೋಡಿದ. ಇಂದಿನ ಸಿಮೆಂಟು ಹುಟ್ಟಿದ್ದು ಹಾಗೆ.

ನಮ್ಮ ದೇಶದಲ್ಲಿ ಉದ್ಯಮ ಬೇರೂರಿದ್ದು 1914ರಲ್ಲಿ, ಪೋರಬಂದರಿನಲ್ಲಿ. ಕನ್ನಡ ನೆಲದಲ್ಲಿ ಶಹಾಬಾದ್, ಭದ್ರಾವತಿ ಮೊದಲಿನವು.

ಹಾಗಾದರೆ ಸಕ್ಕರೆ ಕಾರ್ಖಾನೆಗಳ ಚಿಮಣಿ ಸಾಲುಸಾಲಾಗಿರುವ ಚಿಕ್ಕೋಡಿ–ಅಥಣಿ ಸೀಮೆಯಲ್ಲಿ ಸಿಮೆಂಟ್ ಚಿಮಣಿ ಏಕಿಲ್ಲ? ಕಾರಣ ನೆಲದಡಿಯಲ್ಲಿದೆ. ಇಲ್ಲಿಯದು ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ಕಾರ್ಖಾನೆಯ ಹಸಿವಿಗೆ ಹೊಲದ ಹರಳು ಯಾವ ಮೂಲೆಗೂ ಸಾಲದು. ಆಗ್ನೇಯಕ್ಕೆ ಸರಿದರೆ ಕಲಾದಗಿ ಶಿಲಾವಲಯದ ಸುಣ್ಣದಕಲ್ಲು ಸಿಗುತ್ತದೆ. ಯಾದವಾಡ, ಮುಧೋಳ ತಾಲೂಕಿನ ಮುದ್ದಾಪುರ, ಬಾಗಲಕೋಟೆಗಳಲ್ಲಿ ಕಾರ್ಖಾನೆಗಳು ತಲೆ ಎತ್ತಿದ್ದು ಅದರ ಬಲದಿಂದ.

ಅಲ್ಲಿ ನಡೆಯುವುದು ಭಟ್ಟಿಯ ಕೆಲಸವೇ, ಉರಿ ಮಾತ್ರ ಬೇರೆ. ಸುಣ್ಣದಕಲ್ಲಿಗೆ ಜೇಡಿ, ಕಬ್ಬಿಣದ ಅಂಶ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಈ ಹುಡಿ ಎತ್ತರದ ಗೋಪುರದಲ್ಲಿ ಬಿಸಿಗಾಳಿಗೆ ಎದುರಾಗಿ ಇಳಿಯುತ್ತದೆ. ಸುಮಾರು 900 ಡಿಗ್ರಿಯಲ್ಲಿ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆಮೇಲೆ ತುಸು ಓರೆಯಾಗಿ ಮಲಗಿಸಿದ, ತಿರುಗುತ್ತಲೇ ಇರುವ ಉದ್ದನೆಯ ಉಕ್ಕಿನ ಕೊಳವೆ. ಅದರೊಳಗೆ 1450 ಡಿಗ್ರಿ. ಹೊರಬರುವ ಕ್ಲಿಂಕರ್ ಉಂಡೆಗಳನ್ನು ತಣಿಸಿ, ಸ್ವಲ್ಪ ಜಿಪ್ಸಂ ಹಾಕಿ ಅರೆದರೆ ಸಿಮೆಂಟು. ಜಿಪ್ಸಂ ಇಲ್ಲದಿದ್ದರೆ ಗೌಂಡಿ ಕರಣಿ ಎತ್ತುವುದರೊಳಗೆ ಮಾಲು ಬಿಗಿದುಬಿಡುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತು. ವಿದ್ಯುತ್ ಸ್ಥಾವರಗಳ ಹಾರುಬೂದಿ ಬೆರೆಸಿ ಕ್ಲಿಂಕರ್ ಉಳಿಸುವ ಪಿಪಿಸಿ ಸಿಮೆಂಟು ಹೆಚ್ಚಿರುವುದು ಅಗ್ಗವೆಂದಷ್ಟೇ ಅಲ್ಲ, ಈ ಲೆಕ್ಕಕ್ಕೂ ಹೌದು.

ಸಿಮೆಂಟಿಗೆ ಪರ್ಮಿಟ್ ಹಿಡಿದು ಅಲೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. 1982ರಲ್ಲಿ ಅರೆ, 1989ರಲ್ಲಿ ಪೂರ್ತಿ ನಿಯಂತ್ರಣ ಹೋಯಿತು. ಚೀಲ ಹಳ್ಳಿಯ ಅಂಗಡಿಗೂ ಬಂತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಮಣ್ಣಿನ ಮನೆಗಳು ಕುಸಿದ ಮೇಲೆ ಸಿಮೆಂಟಿನ ಮನೆ ಬಿಟ್ಟು ಬೇರೆ ಮಾತೇ ಇಲ್ಲ. ತಪ್ಪೇನೂ ಅಲ್ಲ. ಆದರೆ ಒಂದು ಅವಸರ ಮಾತ್ರ ಬೇಡ. ಊರಿನ ಹಳೆಯ ವಾಡೆ, ಗುಡಿ, ಮಠಗಳ ಗಚ್ಚು ಉದುರಿದಾಗ ಅದರ ಮೇಲೆ ಸಿಮೆಂಟಿನ ಗಿಲಾವು ಬಳಿಯಬೇಡಿ. ಗಚ್ಚಿನ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ; ಸಿಮೆಂಟು ಅದನ್ನು ಒಳಗೇ ಕೂಡಿಹಾಕಿ ಕಲ್ಲು, ಇಟ್ಟಿಗೆಯನ್ನೇ ತಿನ್ನಿಸುತ್ತದೆ. ಅಂಥ ಗೋಡೆಯನ್ನು ಸುಣ್ಣದಲ್ಲೇ ದುರಸ್ತಿ ಮಾಡಿಸಿ, ಕೆಲಸ ಬಲ್ಲ ಗೌಂಡಿಗಳು ಇನ್ನೂ ಇರುವಾಗಲೇ.