ಕೂಡಿಸಿದರೆ ತಾಳೆಯಾಗದ ತೂಕ

ಮಂಗಳೂರಿನ ಪಡೀಲಿನ ಹಳಿ ಹಿಡಿದು ಪಣಂಬೂರಿನತ್ತ ಸಾಗುವ ಗೂಡ್ಸ್ ರೈಲಿನ ಒಂದು ವ್ಯಾಗನ್, ಸರಕು ತುಂಬಿದಾಗ ನೂರು ಟನ್ನಿನ ಆಸುಪಾಸು ತೂಗುತ್ತದೆ. ಅದನ್ನು ಒಂದು ಗ್ರಾಮೂ ತಪ್ಪದಂತೆ ತೂಗುವುದನ್ನು ಊಹಿಸಿಕೊಳ್ಳಿ. ಪರಮಾಣುವಿನ ನ್ಯೂಕ್ಲಿಯಸ್ಸನ್ನು ತೂಗುವವರಿಗೆ ಬೇಕಾದದ್ದು ಅಂಥ ನಿಖರತೆ: ಹತ್ತು ಕೋಟಿಯಲ್ಲಿ ಒಂದು ಪಾಲು.

ಇಷ್ಟು ಸೂಕ್ಷ್ಮ ಯಾಕೆಂದರೆ, ನ್ಯೂಕ್ಲಿಯಸ್ಸಿನ ತೂಕ ಅದರೊಳಗಿನ ಕಣಗಳ ತೂಕದ ಮೊತ್ತಕ್ಕಿಂತ ಕಡಿಮೆ. ನಾಲ್ಕು ಹೈಡ್ರೋಜನ್ ಪರಮಾಣುಗಳ ಮೊತ್ತ 4.0313 ಪರಮಾಣು ರಾಶಿ ಮಾನ, ಅವು ಬೆಸೆದು ಆಗುವ ಹೀಲಿಯಂ 4.0026 ಮಾತ್ರ. ಕಾಣೆಯಾದ ಶೇ 0.7ರಷ್ಟು ಶಕ್ತಿಯಾಗಿ ಹೊರಬಿದ್ದಿರುತ್ತದೆ. ವಿಜ್ಞಾನಿ ಆಸ್ಟನ್ ಅಳೆದ ಈ ವ್ಯತ್ಯಾಸವನ್ನೇ ಹಿಡಿದು 1920ರಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ಸೂರ್ಯನ ಬೆಂಕಿಯ ಮೂಲವನ್ನು ಊಹಿಸಿದರು.

ಈ ವ್ಯತ್ಯಾಸದ ಲೆಕ್ಕ ಹತ್ತಿರದಲ್ಲೇ ಕೆಲಸಕ್ಕೆ ಬರುತ್ತದೆ. ಪಡೀಲಿನಿಂದ ನೇತ್ರಾವತಿ ನದಿ ದಾಟಿದರೆ ಕೊಣಾಜೆ. ಅಲ್ಲಿನ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ಎಂಬ ವೇಗವರ್ಧಕವನ್ನು ಸ್ಥಾಪಿಸಿದ್ದು ಇಂದೋರಿನ ಸಂಶೋಧನಾ ಕೇಂದ್ರದ ನೆರವಿನಿಂದ. ಆ ಕೇಂದ್ರಕ್ಕೆ ಈಗ ತಿಪಟೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿದೆ. ಮೈಕ್ರೋಟ್ರಾನಿನಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದೊಳಗೆ ಸುತ್ತು ಹಾಕುತ್ತ, ಸುತ್ತಿಗೊಮ್ಮೆ ತಳ್ಳಿಸಿಕೊಂಡು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಗಳಿಸುತ್ತವೆ. ಅವು ಲೋಹಕ್ಕೆ ಬಡಿದಾಗ ಹುಟ್ಟುವ ಕಿರಣ ಯಾವ ನ್ಯೂಕ್ಲಿಯಸ್ಸನ್ನು ಒಡೆಯಬಲ್ಲದು? ತೂಕದ ವ್ಯತ್ಯಾಸವೇ ಉತ್ತರ. ಡ್ಯೂಟೀರಿಯಂ ಒಡೆಯಲು 22 ಲಕ್ಷ, ಬೆರಿಲಿಯಂನಿಂದ ನ್ಯೂಟ್ರಾನ್ ಕೀಳಲು ಸುಮಾರು 17 ಲಕ್ಷ ಸಾಕು. ಸಾಮಾನ್ಯ ಇಂಗಾಲದಿಂದ ನ್ಯೂಟ್ರಾನ್ ಕೀಳಲು 1 ಕೋಟಿ 87 ಲಕ್ಷ ಬೇಕು. ಈ ಯಂತ್ರಕ್ಕೆ ಅದು ನಿಲುಕದು.

ಅತಿ ನಿಖರವಾಗಿ ತೂಗುವ ಯಂತ್ರದ ಹೆಸರು ಪೆನ್ನಿಂಗ್ ಟ್ರ್ಯಾಪ್. ಬಲವಾದ ಕಾಂತಕ್ಷೇತ್ರ ಮತ್ತು ವಿದ್ಯುತ್ ಕ್ಷೇತ್ರಗಳ ನಡುವೆ ಒಂಟಿ ಅಯಾನನ್ನು ಬಂಧಿಸಿದರೆ ಅದು ಗಿರಗಿರನೆ ಸುತ್ತುತ್ತದೆ. ಭಾರ ಹೆಚ್ಚಿದಷ್ಟೂ ಸುತ್ತು ನಿಧಾನ. ಸೆಕೆಂಡಿಗೆ ಎಷ್ಟು ಸುತ್ತು ಎಂದು ತಿಳಿದರೆ ತೂಕ ಸಿಕ್ಕಿತು. ಜಿನೀವಾ ಬಳಿಯ ಸರ್ನ್‌ನ ಐಸೋಲ್‌ಟ್ರ್ಯಾಪ್ ಪ್ರಯೋಗದಲ್ಲಿ ಕ್ಷಣಿಕ ನ್ಯೂಕ್ಲಿಯಸ್ಸುಗಳನ್ನೂ ತೂಗುತ್ತಾರೆ. 2013ರಲ್ಲಿ ಅಲ್ಲಿ ಕ್ಯಾಲ್ಸಿಯಂ-53 ಮತ್ತು 54ನ್ನು ತೂಗಿದಾಗ, ಕ್ಯಾಲ್ಸಿಯಂನಲ್ಲಿ 32 ನ್ಯೂಟ್ರಾನುಗಳು ಸೇರಿದರೆ ಅವು ಪದರಪದರವಾಗಿ ತುಂಬುವ ಕವಚಗಳಲ್ಲಿ ಒಂದು ಭರ್ತಿಯಾಗುತ್ತದೆಂಬುದು ಖಚಿತವಾಯಿತು.

ಇಂಥ ತೂಕಗಳು ಆಕಾಶದ ಲೆಕ್ಕಕ್ಕೂ ಬೇಕು. ನ್ಯೂಟ್ರಾನ್ ತಾರೆಗಳು ಡಿಕ್ಕಿಯಾದಾಗ ಚಿನ್ನದಂಥ ಭಾರವಾದ ಧಾತುಗಳು ಹುಟ್ಟುತ್ತವೆಂಬುದಕ್ಕೆ 2017ರಲ್ಲಿ ಪುರಾವೆ ದೊರೆಯಿತು. ಚಿನ್ನ ಹುಟ್ಟುವ ಆ ದಾರಿಯಲ್ಲಿ ಬರುವ ಬಹುಪಾಲು ನ್ಯೂಕ್ಲಿಯಸ್ಸುಗಳನ್ನು ಇನ್ನೂ ಯಾರೂ ತೂಗಿಲ್ಲ. ಈವರೆಗೆ ತೂಗಿರುವುದು ಸುಮಾರು 2,500. ಇರಬಹುದಾದವು ಏಳು ಸಾವಿರದಷ್ಟು. ಉಳಿದವುಗಳ ವಿಷಯದಲ್ಲಿ ಒಬ್ಬೊಬ್ಬರ ಸಿದ್ಧಾಂತ ಒಂದೊಂದು ತೂಕ ಹೇಳುತ್ತದೆ. ಯಾರ ಲೆಕ್ಕ ಸರಿ ಎಂಬುದನ್ನು ಅಳತೆಯೇ ತೀರ್ಮಾನಿಸಬೇಕು.