ಮೊಳಕೆಯ ಬಣ್ಣ ಹೇಳುವ ಸಾಕ್ಷಿ

ಹಂದನಕೆರೆ ಹೋಬಳಿಯ ತೋಟಗಳಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಹೆಚ್ಚಾಗಿ ಹಸಿರು ಕಾಯಿಯ ಗೊನೆಗಳೇ. ನಡುನಡುವೆ ಕಂದು ಛಾಯೆಯ ಮರಗಳೂ ಉಂಟು. ಇವೆಲ್ಲ ಈ ಸೀಮೆಯ ನಾಟಿ ಮರಗಳು. ತೆಂಗು ಸಂಶೋಧಕರ ಪಟ್ಟಿಯಲ್ಲಿ ಇವಕ್ಕೆ ‘ತಿಪಟೂರು ಟಾಲ್’ ಎಂಬ ಹೆಸರಿದೆ. ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಗಿಟುಕು ಕರಟಕ್ಕೆ ಬಡಿದು ಸದ್ದು ಮಾಡುವ ಹಂತಕ್ಕೆ ಬಂದು, ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆ ಸೇರುವ ತಳಿ ಇದು.

ಇಂಥ ತೋಟದ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ, ನಿಂತಲ್ಲೇ ಕೈಗೆಟುಕುವ ಎತ್ತರದಲ್ಲಿ ಕಿತ್ತಳೆ ಬಣ್ಣದ ಗೊನೆ ತೂಗುತ್ತಿದ್ದರೆ ದಾರಿಯಲ್ಲಿ ಹೋಗುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಕೆಂದೆಂಗು! ಅಂದಕ್ಕೆ ಒಂದು ಇರಲಿ, ಮನೆಗೆ ಬಂದವರಿಗೆ ಎಳನೀರಾದರೂ ಆಯಿತು ಎಂದು ನೆಟ್ಟುಕೊಂಡವರೇ ಹೆಚ್ಚು. ತಳಿ ಬೆಳೆಸುವವರಿಗೆ ಮಾತ್ರ ಆ ಬಣ್ಣದಿಂದ ಬೇರೆಯದೇ ಕೆಲಸವಿದೆ. ಎರಡು ತಳಿಗಳನ್ನು ಕೂಡಿಸಿದ ಶ್ರಮ ಫಲಿಸಿತೋ ಇಲ್ಲವೋ ಎಂಬುದನ್ನು ಅವರು ಮೊಳಕೆಯ ಬಣ್ಣ ನೋಡಿ ತೀರ್ಮಾನಿಸುತ್ತಾರೆ.

ಗಿಡ್ಡ ಮರದಲ್ಲಿ ಬಣ್ಣ ಉಳಿದದ್ದು ಹೇಗೆ

ತೆಂಗಿನಲ್ಲಿ ದೊಡ್ಡದಾಗಿ ಎರಡು ಬಗೆ: ಎತ್ತರದ ಮರ, ಗಿಡ್ಡ ಮರ. ಎತ್ತರದ ಮರದ ಹೊಂಬಾಳೆ ಒಡೆದ ಮೇಲೆ ಮೊದಲು ಗಂಡು ಹೂಗಳು ಅರಳಿ ಉದುರುತ್ತವೆ. ಅವುಗಳ ಸರದಿ ಮುಗಿಯಲು ಎರಡರಿಂದ ಮೂರು ವಾರ ಬೇಕು. ಹೆಣ್ಣು ಹೂ ಸಿದ್ಧವಾಗುವುದು ಆಮೇಲೆ. ಹಾಗಾಗಿ ಅದಕ್ಕೆ ಪರಾಗ ಸಿಗುವುದು ಸಾಮಾನ್ಯವಾಗಿ ಬೇರೆ ಮರದಿಂದ, ಗಾಳಿಯಲ್ಲೋ ಜೇನುಹುಳುವಿನ ಮೈಯಲ್ಲೋ. ನಾಟಿ ತೋಟದ ಯಾವ ಕಾಯಿಯ ತಂದೆ ಯಾವ ಮರವೆಂದು ಯಾರೂ ಆಣೆ ಮಾಡಿ ಹೇಳಲಾರರು.

ಗಿಡ್ಡ ಮರದಲ್ಲಿ ಗಂಡು ಹೂ, ಹೆಣ್ಣು ಹೂಗಳ ಕಾಲ ಒಂದರ ಮೇಲೊಂದು ಬರುತ್ತದೆ. ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುವುದು ಅದರ ರೂಢಿ. ಹೀಗೆ ತಲೆಮಾರುಗಳು ಒಳಗೊಳಗೇ ಬೆಳೆದದ್ದರಿಂದ ಬಣ್ಣವೂ ಚೆದುರದೆ ನಿಂತಿತು. ಕೇರಳದ ಚಾವಕ್ಕಾಡಿನ ಕಡೆಯಿಂದ ಬಂದ ‘ಚೌಘಾಟ್ ಆರೆಂಜ್ ಡ್ವಾರ್ಫ್’ನಲ್ಲಿ ಕಾಯಿ, ಗರಿಯ ದಂಟು, ಹೊಂಬಾಳೆಯ ಕಡ್ಡಿ ಎಲ್ಲವೂ ಕಿತ್ತಳೆ, ಗರಿಯ ಎಲೆ ಮಾತ್ರ ಹಸಿರು. ಮಲಯಾ ಮೂಲದ ಗಿಡ್ಡ ತಳಿಗಳಲ್ಲಿ ಕಿತ್ತಳೆಯೂ ಇದೆ, ಹಳದಿಯೂ ಇದೆ. ಆಂಧ್ರದ ಗಂಗಬೊಂಡಂ ಹಸಿರು. ಅದರ ಕಾಯಿ ಪರಂಗಿಹಣ್ಣಿನ ಆಕಾರಕ್ಕೆ ಹೆಸರುವಾಸಿ.

ಚೌಘಾಟ್ ಕಿತ್ತಳೆಯ ಒಂದು ಎಳನೀರಿನಲ್ಲಿ ಸುಮಾರು 350 ಮಿಲಿಲೀಟರ್ ಸಿಹಿ ನೀರಿರುತ್ತದೆ. ಕೊಬ್ಬರಿಗೆ ಅದು ಒಗ್ಗದು. ತಿರುಳು ತೆಳು, ಒಣಗಿಸಿದರೆ ತೊಗಲಿನಂತಾಗುತ್ತದೆ. ನೀರಿನ ಕೊರತೆಯನ್ನು ತಾಳಿಕೊಳ್ಳುವ ಶಕ್ತಿಯೂ ನಾಟಿ ಮರಕ್ಕಿಂತ ಕಡಿಮೆ. ಉಂಡೆ ಕೊಬ್ಬರಿಯನ್ನೇ ನಂಬಿದ ಈ ಸೀಮೆ ಅದನ್ನು ತೋಟದ ಮೂಲೆಯಲ್ಲೇ ಇಟ್ಟಿದ್ದಕ್ಕೆ ಕಾರಣ ಇಷ್ಟೇ.

ಹಾವು ಸಾಕುವವರ ಲೆಕ್ಕ

ಅಡಗಿ ಕೂತ ಬಣ್ಣವನ್ನು ಹೊರಗೆಳೆಯುವ ಹುಚ್ಚು ತೆಂಗಿನವರಿಗೆ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸುವ ದೊಡ್ಡ ಬಳಗವೇ ಇದೆ. ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್‌ನಲ್ಲಿ ಕೆಲವಕ್ಕೆ ಮೈಸುತ್ತ ಬಳೆಯಂಥ ಪಟ್ಟೆ, ಕೆಲವಕ್ಕೆ ಬೆನ್ನುದ್ದಕ್ಕೂ ಒಂದೇ ಗೆರೆ. ಇವನ್ನು ಒಂದು ಕಾಲಕ್ಕೆ ಬೇರೆ ಬೇರೆ ಜಾತಿಯ ಹಾವುಗಳೆಂದೇ ತಿಳಿದಿದ್ದರು. ಸ್ಯಾನ್ ಡಿಯಾಗೋದ ಹಾವು ತಜ್ಞ ಲಾರೆನ್ಸ್ ಕ್ಲಾಬರ್ 1930ರ ದಶಕದಲ್ಲಿ ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಬಗೆಯ ಮರಿಗಳು ಹೊರಬರುವುದನ್ನು ತೋರಿಸಿ ಆ ಗೊಂದಲಕ್ಕೆ ತೆರೆ ಎಳೆದರು.

ಕಪ್ಪು ವರ್ಣದ್ರವ್ಯವಿಲ್ಲದ, ಕೆಂಪು ಕಣ್ಣಿನ ಬಿಳಿಚು ಮರಿಗಳ ಕಥೆಯೂ ಹೀಗೇ. ತಂದೆ ತಾಯಿ ಇಬ್ಬರೂ ನೋಡಲು ಮಾಮೂಲಿ ಬಣ್ಣದವರೇ ಆಗಿರಬಹುದು. ಇಬ್ಬರಲ್ಲೂ ಆ ಗುಣ ಅಡಗಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿಚಾಗಿ ಹುಟ್ಟುತ್ತದೆ. ಅಂಥವನ್ನು ಆರಿಸಿ ಕೂಡಿಸಿದರೆ ಮುಂದೆ ಬಿಳಿಚು ಮರಿಗಳೇ. ಕಾಡಿನಲ್ಲಿ ಅಪರೂಪವಾದದ್ದು ಗೂಡಿನಲ್ಲಿ ಸಾಮಾನ್ಯವಾಗುವುದು ಹೀಗೆ. ಬಣ್ಣಕ್ಕಾಗಿಯೇ ಬಣ್ಣ ಬೆಳೆಸುವುದು ಅವರ ದಾರಿ. ತೆಂಗಿನವರು ಅದೇ ಲೆಕ್ಕವನ್ನು ಗುರುತಿನ ಚೀಟಿಯಾಗಿ ಬಳಸಿಕೊಂಡರು.

ನೀಲೇಶ್ವರದಲ್ಲಿ ಹುಟ್ಟಿದ ವಿದ್ಯೆ

ಎತ್ತರದ ಮರಕ್ಕೂ ಗಿಡ್ಡ ಮರಕ್ಕೂ ಸಂಬಂಧ ಬೆಳೆಸಿದ ಮೊದಲ ಪ್ರಯೋಗ ನಡೆದದ್ದು 1932ರಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ನೀಲೇಶ್ವರದಲ್ಲಿ. ಮದರಾಸು ಸರ್ಕಾರದ ತೆಂಗು ತಜ್ಞ ಜೆ. ಎಸ್. ಪಟೇಲ್ ಪಶ್ಚಿಮ ಕರಾವಳಿಯ ಎತ್ತರದ ತಳಿಗೆ ಚೌಘಾಟ್ ಹಸಿರು ಗಿಡ್ಡ ತಳಿಯ ಪರಾಗ ಕೊಟ್ಟರು. ಎತ್ತರ-ಗಿಡ್ಡ ತೆಂಗಿನ ಸಂಕರ ತಳಿಗಳ ಕಥೆ ಅಲ್ಲಿಂದ ಶುರುವಾಯಿತು. ಕಾಸರಗೋಡಿನಲ್ಲಿ 1916ರಲ್ಲೇ ಆರಂಭವಾಗಿದ್ದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಕಿತ್ತಳೆ ಗಿಡ್ಡ ತಳಿಯನ್ನು ತಾಯಿಯಾಗಿಸಿ, ಎತ್ತರದ ತಳಿಯನ್ನು ತಂದೆಯಾಗಿಸಿ ಅಲ್ಲಿ ರೂಪಿಸಿದ ‘ಚಂದ್ರಸಂಕರ’ 1985ರಲ್ಲಿ ಬಿಡುಗಡೆಯಾಯಿತು.

ಈ ಕೂಡಿಕೆ ಕೈಕೆಲಸ. ತಾಯಿಮರದ ಹೊಂಬಾಳೆ ಒಡೆಯುವ ಹೊತ್ತಿಗೆ ಕೆಲಸಗಾರ ಮರದ ಬಳಿ ಇರಬೇಕು. ಕಡ್ಡಿಗಳ ತುದಿಯನ್ನು ಕತ್ತರಿಸಿ, ಉಳಿದ ಗಂಡು ಹೂಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತಾನೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹೂ ಅದು, ಒಂದು ಹೊಂಬಾಳೆಯಲ್ಲಿ ಸಾವಿರಗಟ್ಟಲೆ. ಬುಡದಲ್ಲಿ ಗುಂಡಗೆ ಕೂತ ಹೆಣ್ಣು ಹೂಗಳಷ್ಟೇ ಉಳಿದ ಮೇಲೆ ಇಡೀ ಹೊಂಬಾಳೆಗೆ ಚೀಲ ಕಟ್ಟುತ್ತಾನೆ. ಹೆಣ್ಣು ಹೂವಿನ ತುದಿ ಮೂರು ಸೀಳಾಗಿ ಬಿರಿದು ಅಲ್ಲಿ ಮಕರಂದದ ತೇವ ಜಿನುಗಿತೆಂದರೆ ಅದು ಸಿದ್ಧವಾಗಿದೆ ಎಂದರ್ಥ. ತಂದೆಮರದಿಂದ ತಂದು ಒಣಗಿಸಿ, ಟಾಲ್ಕ್ ಪುಡಿ ಬೆರೆಸಿಟ್ಟ ಪರಾಗವನ್ನು ಆಗ ಊದಬೇಕು. ಅವಕಾಶ ಕೆಲವೇ ದಿನ. ತುದಿ ಕಂದಿದರೆ ಮುಗಿಯಿತು.

ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು, ಪಾತಿಯಲ್ಲಿ ಮೊಳೆಯಲು ಮತ್ತೆ ಮೂರರಿಂದ ಐದು ತಿಂಗಳು. ಮಾಡಿದ ಕೆಲಸದ ಫಲ ಕಣ್ಣಿಗೆ ಬೀಳಲು ವರ್ಷಕ್ಕೂ ಮೇಲೆ ಕಾಯಬೇಕು.

ಪಾತಿಯಲ್ಲಿ ತೀರ್ಮಾನ

ಆ ದಿನ ಬಂದಾಗ ಮಾಡಬೇಕಾದ್ದು ಸುಲಭ: ಪಾತಿಯ ಉದ್ದಕ್ಕೂ ನಡೆಯುತ್ತ ಮೊಳಕೆಯ ದಂಟು ನೋಡುವುದು. ಕಂದು ಮಿಶ್ರಿತ ಹಸಿರಾಗಿದ್ದರೆ ಹೊರಗಿನ ಪರಾಗ ಕೂಡಿದೆ, ಅದು ಸಂಕರ ಸಸಿ. ಹೊಳೆಯುವ ಕಿತ್ತಳೆಯಾಗಿದ್ದರೆ ಎಲ್ಲೋ ಒಂದು ಗಂಡು ಹೂ ಕೈತಪ್ಪಿ ಉಳಿದಿತ್ತು, ತಾಯಿಮರ ತನ್ನ ಪರಾಗವನ್ನೇ ಹೊಂದಿತು. ಕಿತ್ತಳೆಯವನ್ನು ಕಿತ್ತು ಬೇರೆ ಇಡುತ್ತಾರೆ. ಹಳದಿ ಗಿಡ್ಡ ತಳಿ ತಾಯಿಯಾಗಿದ್ದರೆ ಹಳದಿ ಮೊಳಕೆ ಹೊರಕ್ಕೆ, ಹಸಿರು ಒಳಕ್ಕೆ.

ಇದರ ಹಿಂದಿನ ತರ್ಕವನ್ನು ಫ್ರಾನ್ಸಿನ ತೆಂಗು ವಿಜ್ಞಾನಿ ರೋಲಾಂ ಬೂರ್ದೆ 1988ರಲ್ಲಿ ಎರಡು ವಂಶವಾಹಿಗಳ ಲೆಕ್ಕದಲ್ಲಿ ವಿವರಿಸಿದರು. ಒಂದು ವಂಶವಾಹಿ ಹಸಿರನ್ನು ಕೊಡುತ್ತದೆ, ಇನ್ನೊಂದು ಕೆಂಪನ್ನು, ಅಂದರೆ ಕಿತ್ತಳೆಯನ್ನು. ಎರಡೂ ಇದ್ದರೆ ಕಂದು, ಎರಡೂ ಇಲ್ಲದಿದ್ದರೆ ಹಳದಿ. ಕಿತ್ತಳೆ ತಾಯಿ, ಹಸಿರು ತಂದೆಯ ಮಗುವಿಗೆ ಎರಡೂ ಸಿಕ್ಕಿ ಕಂದು ಬರುತ್ತದೆ. ಆ ಕಂದು ಮರ ತನ್ನ ಪರಾಗವನ್ನೇ ಹೊಂದಿದರೆ, ಲೆಕ್ಕದ ಪ್ರಕಾರ ಹದಿನಾರು ಕಾಯಿಗೆ ಒಂಬತ್ತು ಕಂದು, ಮೂರು ಹಸಿರು, ಮೂರು ಕಿತ್ತಳೆ, ಒಂದು ಹಳದಿ. ಮನೆತನದಲ್ಲಿ ಯಾರಿಗೂ ಇಲ್ಲದ ಹಳದಿ ಮೊಮ್ಮಗುವಿನಲ್ಲಿ ದಿಢೀರನೆ ಕಾಣಿಸುತ್ತದೆ. ಚೆದುರುವುದು ಬಣ್ಣವೊಂದೇ ಅಲ್ಲ. ಇಳುವರಿ, ಎತ್ತರ, ಕಾಯಿಯ ಗಾತ್ರವೂ ಚೆದುರುತ್ತವೆ. ಸಂಕರ ಮರದ ಕಾಯಿಯನ್ನು ಬಿತ್ತನೆಗೆ ಇಟ್ಟುಕೊಳ್ಳಬೇಡಿ ಎಂದು ಹೇಳುವುದು ಇದಕ್ಕೇ.

ಬಣ್ಣ ಹೇಳದ ಮಾತು

ಬಣ್ಣದ ಸಾಕ್ಷಿಗೂ ಮಿತಿ ಇದೆ. ಹೊರಗಿನ ಪರಾಗ ಬಂದಿದೆ ಎಂದು ಅದು ಹೇಳಬಲ್ಲದು, ಯಾವ ಮರದ್ದು ಎಂದು ಹೇಳಲಾರದು. ಆರಿಸಿಟ್ಟ ಒಳ್ಳೆಯ ಮರದ ಪರಾಗ ಕೂಡಿದರೂ, ಪಕ್ಕದ ಬಡಕಲು ಮರದ ಪರಾಗವನ್ನು ಜೇನುಹುಳು ತಂದರೂ ಮೊಳಕೆ ಕಂದೇ. ಗಂಗಬೊಂಡಂನಂಥ ಹಸಿರು ತಾಯಿಗೆ ಹಸಿರು ತಂದೆ ಸೇರಿದರೆ ಬಣ್ಣದಿಂದ ಏನೂ ತಿಳಿಯದು. ಸಸಿಯ ಬೆಳವಣಿಗೆಯ ಬಿರುಸನ್ನೇ ನೋಡಬೇಕು.

ಆದ್ದರಿಂದ ಸಸಿ ಕೊಳ್ಳುವ ರೈತ ಎರಡು ಪ್ರಶ್ನೆ ಕೇಳಲೇಬೇಕು: ತಾಯಿ ಯಾವುದು, ತಂದೆ ಯಾವುದು? ‘ಹೈಬ್ರಿಡ್’ ಎಂದಷ್ಟೇ ಉತ್ತರ ಬಂದರೆ ದುಡ್ಡು ಬಿಚ್ಚದಿರುವುದು ಲೇಸು. ಚಂದ್ರಸಂಕರವೆಂದು ಕಿತ್ತಳೆ ದಂಟಿನ ಸಸಿ ಕೊಟ್ಟರೆ ಅದು ಬರಿಯ ಗಿಡ್ಡ ತಳಿ. ವರ್ಷದ ಸಸಿಗೆ ಆರು ಗರಿಯಾದರೂ ಇರಬೇಕು, ಬುಡದ ಸುತ್ತಳತೆ ಹತ್ತು ಸೆಂಟಿಮೀಟರ್ ದಾಟಿರಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಮಂಡ್ಯದ ಬೀಜೋತ್ಪಾದನಾ ಫಾರಂ, ಪಕ್ಕದ ಅರಸೀಕೆರೆಯ ಸಂಶೋಧನಾ ಕೇಂದ್ರದಂಥ ಕಡೆ ಈ ವಿಚಾರಣೆಗೆ ಸರಿಯಾದ ಜವಾಬು ಸಿಗುತ್ತದೆ.

ಉಂಡೆ ಕೊಬ್ಬರಿಯೇ ಬದುಕು ಎನ್ನುವವರಿಗೆ ಬೇರೆ ದಾರಿಯೂ ಇದೆ. ತಿಪಟೂರು ಟಾಲ್‌ನಲ್ಲೇ ಚೆನ್ನಾದ ಮರಗಳನ್ನು ಆರಿಸಿ ‘ಕಲ್ಪತರು’ ಎಂಬ ತಳಿಯನ್ನು ಉಂಡೆ ಕೊಬ್ಬರಿಗೆಂದೇ ಹೊರತಂದಿದ್ದಾರೆ. ಅಲ್ಲಿ ಕೂಡಿಕೆಯಿಲ್ಲ, ಮೊಳಕೆಯ ಬಣ್ಣದ ಪರೀಕ್ಷೆಯೂ ಇಲ್ಲ. ವರ್ಷ ವರ್ಷವೂ ತಪ್ಪದೆ ಕಾಯಿ ಬಿಡುವ ಮರ ತೋಟದಲ್ಲಿ ಯಾವುದೆಂದು ನೆನಪಿಟ್ಟು ಬಿತ್ತನೆಗಾಯಿ ಆರಿಸುವ ಹಳೆಯ ಪದ್ಧತಿಯನ್ನೇ ಅದು ಶಿಸ್ತಿನಿಂದ ಮುಂದುವರಿಸಿದೆ. ಎಳನೀರಿಗೋ ಕೊಬ್ಬರಿಗೋ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡ ರೈತನಿಗೆ ಮಾತ್ರ ಸಸಿಯ ಬಣ್ಣ ನೋಡಿ ಪ್ರಯೋಜನ.