ಮಾತು ಶುರುವಾಗಲಿ ‘ಓಲಾ’ದಿಂದ

ಹೊಸಪೇಟೆ ಮಾರ್ಕೆಟ್ಟಿನಲ್ಲಿ ತೆಲುಗು, ಉರ್ದುವಿನಲ್ಲೇ ಚೌಕಾಸಿ ಮಾಡುವ ನೀವು ಅದಕ್ಕಾಗಿ ವ್ಯಾಕರಣ ಓದಿದ್ದುಂಟೆ? ಇಲ್ಲ ತಾನೆ! ಸ್ಪ್ಯಾನಿಷ್ ಕೂಡ ಹಾಗೇ, ಬಾಯಿ ಬಿಟ್ಟರೇ ಬರೋದು. ಮೊಬೈಲ್‌ನಲ್ಲಿ ಎಷ್ಟೇ ಪದ ಕಲಿತರೂ ಆಡದಿದ್ದರೆ ಮರೆತೇಹೋಗುತ್ತವೆ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಹಂಪಿ ಪಕ್ಕದಲ್ಲೇ ಇದೆ. ಸ್ಪೇನ್, ಮೆಕ್ಸಿಕೊ ಕಡೆಯವರು ಎದುರಾದರೆ ಹಿಂಜರಿಯಬೇಡಿ.

* ‘ಓಲಾ’ ಅಂದರೆ ನಮಸ್ಕಾರ. ಬೆಳಿಗ್ಗೆ ‘ಬ್ವೆನೋಸ್ ದಿಯಾಸ್’ ಎನ್ನಿ.

* ನಮ್ಮ ನೀನು-ನೀವು ಅಲ್ಲೂ ಉಂಟು: ‘ತು’, ‘ಉಸ್ತೆದ್’. ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೆದ್’ ಬಳಸಿ.

* ‘ದೆ ದೋಂದೆ ಎಸ್?’ (ಯಾವೂರಿನವರು?), ‘ಲೆ ಗುಸ್ತಾ ಹಂಪಿ?’ (ಹಂಪಿ ಇಷ್ಟವಾಯಿತೆ?) ಎಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ.

* ಅವರು ಗಡಗಡ ಮಾತಾಡಿದರೆ ‘ಮಾಸ್ ದೆಸ್ಪಾಸ್ಯೊ, ಪೊರ್ ಫವೋರ್’ ಎನ್ನಿ. ದಯವಿಟ್ಟು ನಿಧಾನ ಎಂದರ್ಥ.

* ಉಚ್ಚಾರಣೆಯಲ್ಲಿ ಟ, ಡ ಬೇಡ. ನಮ್ಮ ತ, ದ ಸಾಕು. ಇಂಗ್ಲಿಷ್‌ನಂತಲ್ಲ, ಹೆಚ್ಚುಕಡಿಮೆ ಬರೆದಂತೆಯೇ ಓದಬಹುದು.

ಸಂಡೂರು, ಕಂಪ್ಲಿಯಲ್ಲಿರುವವರಿಗೆ ಅಡುಗೆಮನೆಯೇ ಪಾಠಶಾಲೆ. ಅಕ್ಕಿ ತೊಳೆಯುವಾಗ ‘ಅರ್ರೋಸ್’, ನೀರು ಹಿಡಿಯುವಾಗ ‘ಆಗ್ವಾ’ ಎನ್ನಿ. ಮಕ್ಕಳು ನಕ್ಕರೆ ನಗಲಿ, ಅವರಿಗೂ ಎರಡು ಪದ ಕಲಿಸಿ. ದಿನಕ್ಕೆ ಐದು ನಿಮಿಷ ಸಾಕು.